ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರೂ ಹೆಂಗಸರ ಓಟಿನ ಹಕ್ಕೂ

ಮಂಡ್ಯದಿಂದ ಬೆಂಗಳೂರಿಗೆ ಹೋಗುವ ಹಳೆಯ ರಸ್ತೆಯಲ್ಲಿ, ಮದ್ದೂರಿನ ಬಳಿ, ಶಿವಪುರದ ಸತ್ಯಾಗ್ರಹ ಸೌಧವನ್ನು ನೋಡದವರು ನಮ್ಮ ಕಾಲೇಜಿನಲ್ಲಿ ವಿರಳ. 1938ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲನೆಯ ಅಧಿವೇಶನ ಅಲ್ಲಿ ಸೇರಿತು. ಸರ್ಕಾರದ ನಿಷೇಧಾಜ್ಞೆಯನ್ನು ಲೆಕ್ಕಿಸದೆ ಅಧ್ಯಕ್ಷರಾದ ಟಿ. ಸಿದ್ಧಲಿಂಗಯ್ಯನವರು ಧ್ವಜವನ್ನೇರಿಸಿ ಸೆರೆಯಾದರು. ಈ ಕಥೆಯನ್ನು ನಾವೆಲ್ಲರೂ ಪ್ರಾಥಮಿಕ ಶಾಲೆಯಿಂದ ಕೇಳುತ್ತ ಬಂದವರೇ. ಆದರೆ ಧ್ವಜದ ಹಿಂದೆ ಒಂದು ಬೇಡಿಕೆಯಿತ್ತೆಂಬುದು ನಮ್ಮಲ್ಲಿ ಅನೇಕರಿಗೆ ನೆನಪಿರುವುದಿಲ್ಲ. ಅದು ಜವಾಬ್ದಾರಿ ಸರ್ಕಾರದ ಬೇಡಿಕೆ. ಪ್ರಜೆಗಳು ಆರಿಸಿ ಕಳಿಸಿದವರೇ ರಾಜ್ಯಭಾರ ನಡೆಸಬೇಕು ಎಂಬುದು ಅದರ ತಾತ್ಪರ್ಯ.

ಆರಿಸತಕ್ಕ ಪ್ರಜೆಗಳು ಯಾರು? ನನ್ನ ಮನಸ್ಸಿನಲ್ಲಿ ಉಳಿದ ಪ್ರಶ್ನೆ ಇದು. ಮೈಸೂರು ಸಂಸ್ಥಾನದಲ್ಲಿ 1881ರಿಂದಲೂ ಪ್ರಜಾಪ್ರತಿನಿಧಿ ಸಭೆ ಇತ್ತೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೆಮ್ಮೆ ಪಡತಕ್ಕ ವಿಷಯವೇ ಸರಿ. ಹೆಂಗಸೆಂಬ ಕಾರಣದಿಂದ ಮತವಿಲ್ಲವೆಂಬ ನಿರ್ಬಂಧವೂ 1923ರ ಸುಧಾರಣೆಗಳಲ್ಲಿ ಇಲ್ಲಿ ಹೋಯಿತು. ಆದರೆ ಇಂತಿಷ್ಟು ಕಂದಾಯ ಕಟ್ಟುವವನು, ಇಂತಿಷ್ಟು ಆಸ್ತಿಯುಳ್ಳವನು, ಇಷ್ಟು ಓದಿದವನು ಎಂಬ ನಿಬಂಧನೆಗಳು ಹೋಗಲಿಲ್ಲ. ಮಳವಳ್ಳಿ ತಾಲ್ಲೂಕಿನಲ್ಲಿ ನಮ್ಮ ಮನೆಯ ಹಿಡುವಳಿ ಈಗ ಹದಿನೆಂಟು ಗುಂಟೆ. ಮುತ್ತಾತನ ಕಾಲಕ್ಕೆ ಅದೂ ಇರಲಿಲ್ಲ; ಪರರ ಗದ್ದೆಯಲ್ಲಿ ಕೂಲಿ. ಹೀಗಿರಲಾಗಿ ಶಿವಪುರದಲ್ಲಿ ನೆರೆದ ಆ ಜನಸಾಗರದಲ್ಲಿ ನಮ್ಮೂರಿನವರು ಇದ್ದಿದ್ದರೂ, ಅವರ ಪೈಕಿ ಓಟು ಉಳ್ಳವರು ಎಷ್ಟು ಮಂದಿ ಇದ್ದಾರು? ಅವರ ಹೆಂಡಿರ ಮಾತಂತೂ ಬೇಡ.

ಈ ಪ್ರಶ್ನೆಯ ಬೆನ್ನು ಹತ್ತಿ ನಮ್ಮ ಗ್ರಂಥಾಲಯದಲ್ಲಿ ಹುಡುಕುತ್ತಿದ್ದಾಗ ನನಗೆ ಎದುರಾದವರು ಕಮಲಾದೇವಿ ಚಟ್ಟೋಪಾಧ್ಯಾಯರು. ಕರಕುಶಲ ಕಲೆಗಳನ್ನು ಉದ್ಧರಿಸಿದವರೆಂದು ಆಕೆಯ ಹೆಸರು ಎಲ್ಲರಿಗೂ ಗೊತ್ತು. ಹೆಸರನ್ನು ಕೇಳಿ ಬಂಗಾಳದವರೆಂದು ತಿಳಿಯುವವರೂ ಉಂಟು. ಆಕೆ ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ, 1903ನೆಯ ಇಸವಿ ಏಪ್ರಿಲ್ 3ರಂದು. ಮನೆಮಾತು ಕೊಂಕಣಿ, ನೆಲ ಕನ್ನಡದ್ದು. ಕರಕುಶಲದ ವಿಷಯವನ್ನು ಬಲ್ಲವರು ಬರೆದಿದ್ದಾರೆ, ಬರೆಯುತ್ತಲೂ ಇದ್ದಾರೆ. ನಾನು ಇಲ್ಲಿ ಹೇಳಹೊರಟಿರುವುದು ಆಕೆ ಗೆಲ್ಲದೆ ಹೋದ ಒಂದು ಚುನಾವಣೆಯ ಸಂಗತಿಯನ್ನೂ ಅದರ ಹಿಂದುಮುಂದನ್ನೂ.

ತಂದೆ ಅನಂತಯ್ಯ ಧಾರೇಶ್ವರರು ದೊಡ್ಡ ಸರ್ಕಾರಿ ಹುದ್ದೆಯಲ್ಲಿದ್ದವರು. ತಾಯಿ ಗಿರಿಜಾಬಾಯಿ ಓದಿಕೊಂಡ ಹೆಂಗಸು. ಮನೆಗೆ ರಾನಡೆ, ಗೋಖಲೆ, ಪಂಡಿತಾ ರಮಾಬಾಯಿಯಂಥವರು ಬಂದುಹೋಗುತ್ತಿದ್ದರಂತೆ. ಕಮಲಾದೇವಿಗೆ ಏಳು ವರ್ಷವಾದಾಗ ತಂದೆ ಮರಣಪತ್ರ ಬರೆಯದೆ ತೀರಿಕೊಂಡರು. ಆಗಿನ ಕಾಯಿದೆಯಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯಿತು. ಗಿರಿಜಾಬಾಯಿಗೆ ಉಳಿದದ್ದು ತಿಂಗಳಿಗಿಷ್ಟು ಎಂಬ ಜೀವನಾಂಶ ಮಾತ್ರ. ಆ ತಾಯಿ ಅದನ್ನು ಬೇಡವೆಂದರು. ತವರಿನಿಂದ ಬಂದದ್ದರಲ್ಲೇ ಮಗಳನ್ನು ಸಾಕಿದರು. ಈ ಘಟನೆಯನ್ನು ಜೀವನಚರಿತ್ರೆಕಾರರು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಮಾತ್ರ ಅದು ಮುಂದಿನ ಎಲ್ಲದರ ಬೀಜವೆಂದು ತೋರುತ್ತದೆ. ಆಸ್ತಿಯುಳ್ಳವರಿಗೆ ಮಾತ್ರ ಓಟು; ಹೆಂಗಸಿಗೆ ಆಸ್ತಿಯೇ ಇಲ್ಲ. ಇವೆರಡು ಕಾಯಿದೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ಏನಾಗುತ್ತದೆಂಬುದನ್ನು ಆ ಬಾಲಕಿ ಮನೆಯಲ್ಲೇ ಕಂಡಿದ್ದಳು.

ಹದಿನಾಲ್ಕನೆಯ ವಯಸ್ಸಿಗೆ ಮದುವೆ, ಎರಡು ವರ್ಷ ತುಂಬುವಷ್ಟರಲ್ಲಿ ವೈಧವ್ಯ. ಆ ಕಾಲದಲ್ಲಿ ಅಂಥ ಹುಡುಗಿಯ ಬಾಳು ಅಲ್ಲಿಗೆ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ. ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಓದಿದರು. ಅಲ್ಲಿ ಸರೋಜಿನಿ ನಾಯಿಡುರವರ ತಂಗಿ ಸುಹಾಸಿನಿಯ ಪರಿಚಯವಾಗಿ, ಆಕೆಯ ಅಣ್ಣ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಮದುವೆಯಾದರು. ವಿಧವಾ ವಿವಾಹ, ಅದೂ ಜಾತಿ ಭಾಷೆಗಳ ಗಡಿ ದಾಟಿ. ಬಂಧುಬಳಗದಲ್ಲಿ ಎದ್ದ ಗದ್ದಲವನ್ನು ಊಹಿಸಿಕೊಳ್ಳಬಹುದು. ಈ ದಾಂಪತ್ಯವೂ ಕೊನೆಯವರೆಗೆ ನಡೆಯಲಿಲ್ಲ, ವಿಚ್ಛೇದನದಲ್ಲಿ ಮುಗಿಯಿತು. ಲಂಡನ್ನಿಗೆ ಹೋಗಿ ಸ್ವಲ್ಪಕಾಲ ಓದಿ, ಗಾಂಧೀಜಿಯವರ ಅಸಹಕಾರದ ಕರೆ ಕೇಳಿ ಹಿಂದಿರುಗಿದರು. ನಾಟಕದ ಹುಚ್ಚು ಬೇರೆ. 1931ರಲ್ಲಿ ಮೃಚ್ಛಕಟಿಕವನ್ನಾಧರಿಸಿದ ಮೂಕಿ ಚಿತ್ರವೊಂದರಲ್ಲಿ ನಮ್ಮ ಕೈಲಾಸಂ ಅವರೊಡನೆ ಅಭಿನಯಿಸಿದ್ದೂ ಉಂಟು. ಮರ್ಯಾದಸ್ಥ ಮನೆತನದ ಹೆಣ್ಣು ಬಣ್ಣ ಹಚ್ಚಬಾರದೆಂಬ ಕಾಲ ಅದು.

ಈಗ 1926ಕ್ಕೆ ಬರೋಣ.

ಅದಕ್ಕೆ ಮುಂಚೆ ಮಾರ್ಗರೆಟ್ ಕಸಿನ್ಸ್ ಎಂಬ ಐರ್ಲೆಂಡಿನ ಮಹಿಳೆಯ ವಿಷಯ ಒಂದು ಮಾತು ಹೇಳಬೇಕು. ತನ್ನ ದೇಶದಲ್ಲಿ ಹೆಂಗಸರ ಓಟಿಗಾಗಿ ಹೋರಾಡಿ ಜೈಲು ಕಂಡುಬಂದ ಈಕೆ 1915ರಲ್ಲಿ ಭಾರತಕ್ಕೆ ಬಂದವರು, ಕೆಲವು ಕಾಲ ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದವರು. 1917ರ ಡಿಸೆಂಬರಿನಲ್ಲಿ ಭಾರತ ಮಂತ್ರಿ ಮಾಂಟೆಗು ಮದರಾಸಿಗೆ ಬಂದಾಗ ಸರೋಜಿನಿ ನಾಯಿಡುರವರ ಮುಂದಾಳುತನದಲ್ಲಿ ಹೆಂಗಸರ ನಿಯೋಗವೊಂದು ಅವರನ್ನು ಕಂಡು ಓಟು ಕೇಳಿತು. ಆ ನಿಯೋಗವನ್ನು ಕೂಡಿಸಿದವರು ಕಸಿನ್ಸರೇ. ಬ್ರಿಟಿಷ್ ಪಾರ್ಲಿಮೆಂಟು ಕೊಡಲೂ ಇಲ್ಲ, ಇಲ್ಲವೆನ್ನಲೂ ಇಲ್ಲ. ಆಯಾ ಪ್ರಾಂತದ ಶಾಸನ ಸಭೆಗಳೇ ತೀರ್ಮಾನಿಸಲಿ ಎಂದು ಜಾರಿಕೊಂಡಿತು. ಮೊದಲು ತೀರ್ಮಾನಿಸಿದ್ದು ಮದರಾಸು, 1921ರಲ್ಲಿ. ಓಟು ಹಾಕಬಹುದು ಎಂದಾಯಿತೇ ಹೊರತು ಸಭೆಯಲ್ಲಿ ಕುಳಿತುಕೊಳ್ಳಬಹುದು ಎಂದಾಗಲಿಲ್ಲ. ಆ ಬಾಗಿಲು ತೆರೆದದ್ದು 1926ರಲ್ಲಿ.

ಬಾಗಿಲು ತೆರೆಯಿತೆಂದರೆ ಯಾರಾದರೂ ಒಳಗೆ ಕಾಲಿಡಬೇಕಷ್ಟೆ. ಚುನಾವಣೆ ಹತ್ತಿರವಾಗಿತ್ತು. ಕಸಿನ್ಸರು ಕಮಲಾದೇವಿಯವರನ್ನು ನಿಲ್ಲೆಂದು ಒತ್ತಾಯಪಡಿಸಿದರು. ಆಕೆಗೆ ಆಗ ಇಪ್ಪತ್ತಮೂರು ವರ್ಷ. ನಮಗಿಂತ ಎರಡು ಮೂರು ವರ್ಷ ದೊಡ್ಡವರು, ಅಷ್ಟೆ. ಕೈಯಲ್ಲಿ ಹಣವಿಲ್ಲ, ಬೆನ್ನಿಗೆ ಪಕ್ಷವಿಲ್ಲ, ಮನೆಯಲ್ಲಿ ಎಳೆಯ ಕೂಸು. ಮದರಾಸು ಶಾಸನ ಸಭೆಗೆ ತವರು ಜಿಲ್ಲೆಯಾದ ದಕ್ಷಿಣ ಕನ್ನಡದಿಂದ ಸ್ವತಂತ್ರ ಉಮೇದುವಾರರಾಗಿ ನಿಂತರು. ಶಾಸನ ಸಭೆಯ ಚುನಾವಣೆಗೆ ನಿಂತ ಮೊಟ್ಟಮೊದಲ ಭಾರತೀಯ ಮಹಿಳೆ ಎಂದು ಆಕೆಯನ್ನು ಸಾಮಾನ್ಯವಾಗಿ ಹೇಳುತ್ತಾರೆ. ಪ್ರಚಾರಕ್ಕೆ ಉಳಿದದ್ದು ಕೆಲವೇ ದಿವಸ. ಓಟುಳ್ಳವರೋ ಆಸ್ತಿವಂತ ಗಂಡಸರು. ಹೆಂಗಸರ ಹೆಸರುಗಳು ಪಟ್ಟಿಯಲ್ಲಿ ಅಲ್ಲೊಂದು ಇಲ್ಲೊಂದು. ಆದ್ದರಿಂದ ಹೆಂಗಸೊಬ್ಬಳು ಗೆಲ್ಲಬೇಕಾದರೂ ಗಂಡಸರನ್ನೇ ಕೇಳಬೇಕಾಗಿತ್ತು.

ಸೋತರು. ಆದರೆ ಹೇಗೆ ಸೋತರು! ಬೆರಳೆಣಿಸುವಷ್ಟು ಎನ್ನಬಹುದಾದ ಅಲ್ಪ ಅಂತರದಲ್ಲಿ. ಅಂದರೆ ಕರಾವಳಿಯ ಸಾವಿರಾರು ಗಂಡಸರು, ಕಂದಾಯ ಕಟ್ಟುವ ಪಟೇಲರು, ವರ್ತಕರು, ವಕೀಲರು, ಒಬ್ಬ ಇಪ್ಪತ್ತಮೂರರ ಹೆಣ್ಣುಮಗಳಿಗೆ ಓಟು ಹಾಕಿದ್ದರು. ನಮ್ಮ ಅಧ್ಯಾಪಕರೊಬ್ಬರು ಒಮ್ಮೆ ತರಗತಿಯಲ್ಲಿ, ಸೋತವರ ಹೆಸರನ್ನು ಚರಿತ್ರೆ ಬರೆದಿಡುವುದಿಲ್ಲವೆಂದರು. ಅವರಲ್ಲಿ ಗೌರವವಿಟ್ಟುಕೊಂಡೇ ಹೇಳುತ್ತೇನೆ: ಇಲ್ಲಿ ಬರೆದಿಟ್ಟಿದೆ. ಆಕೆಗೆ ಮುಂದೆ ಬಂದ ಪದ್ಮಭೂಷಣ (1955), ಮ್ಯಾಗ್ಸೆಸೆ ಪ್ರಶಸ್ತಿ (1966), ಪದ್ಮವಿಭೂಷಣ (1987) ಇವೆಲ್ಲಕ್ಕಿಂತ ಈ ಸೋಲನ್ನೇ ನಾನು ದೊಡ್ಡದೆಂದು ಎಣಿಸುತ್ತೇನೆ. ಮರುವರ್ಷ ಅದೇ ಮದರಾಸು ಸಭೆಯಲ್ಲಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ನಾಮಕರಣಗೊಂಡ ಸದಸ್ಯೆಯಾಗಿ ಕುಳಿತು ಉಪಾಧ್ಯಕ್ಷೆಯೂ ಆದರು. ಅದು ಸಂತೋಷದ ಸಂಗತಿಯೇ. ಆದರೆ ನಾಮಕರಣ ಬೇರೆ, ಜನರ ಮುಂದೆ ನಿಂತು ಕೇಳುವುದು ಬೇರೆ.

1927ರಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿತು. ಅದನ್ನು ಊರೂರಿಗೆ ಕಟ್ಟಿದ ಕಾರ್ಯದರ್ಶಿ ಕಮಲಾದೇವಿ. ಮುಂದೆ ಅಧ್ಯಕ್ಷೆಯೂ ಆದರು. 1930ರಲ್ಲಿ ಉಪ್ಪಿನ ಸತ್ಯಾಗ್ರಹ. ಗಾಂಧೀಜಿ ತಮ್ಮೊಡನೆ ನಡೆಯಲು ಹೆಂಗಸರನ್ನು ಕರೆದುಕೊಂಡಿರಲಿಲ್ಲ. ಕಮಲಾದೇವಿ ಹೋಗಿ ಕಂಡು, ಹೆಂಗಸರಿಗೇಕೆ ಬಾಗಿಲು ಮುಚ್ಚಬೇಕೆಂದು ಕೇಳಿ, ಒಪ್ಪಿಸಿಕೊಂಡು ಬಂದರು. ಮುಂಬಯಿಯಲ್ಲಿ ಉಪ್ಪು ತಯಾರಿಸಿ ಪೊಟ್ಟಣ ಕಟ್ಟಿ ಷೇರುಪೇಟೆಯಲ್ಲಿ ಮಾರಿದರು, ಸೆರೆಮನೆ ಸೇರಿದರು. ಅದೇ ವರ್ಷ ಮುಂಬಯಿಯಲ್ಲಿ ನಡೆದ ನೂಕುನುಗ್ಗಲಿನಲ್ಲಿ ತ್ರಿವರ್ಣ ಧ್ವಜವನ್ನು ತಬ್ಬಿ ನಿಂತು ಕೈಬಿಡದೆ ಕಾಪಾಡಿದರೆಂದೂ ಪ್ರಸಿದ್ಧಿ. ಶಿವಪುರದ ಊರಿನವರಾದ ನಮಗೆ ಈ ಚಿತ್ರ ಬೇಗ ಕಣ್ಣಿಗೆ ಕಟ್ಟುತ್ತದೆ.

ಓಟಿನ ವಿಷಯದಲ್ಲಿ ಈ ಹೆಂಗಸರು ತಳೆದ ನಿಲುವು ಗಮನಿಸತಕ್ಕದ್ದು. 1931ರಲ್ಲಿ ಮಹಿಳಾ ಸಮ್ಮೇಳನವೂ ಇತರ ಮಹಿಳಾ ಸಂಘಗಳೂ ಒಟ್ಟಿಗೆ ಕೇಳಿದ್ದು ವಯಸ್ಕ ಮತದಾನವನ್ನು: ವಯಸ್ಸಿಗೆ ಬಂದ ಪ್ರತಿಯೊಬ್ಬರಿಗೂ ಓಟು, ಆಸ್ತಿಯ ಮಾತಿಲ್ಲ, ಅಕ್ಷರದ ಮಾತಿಲ್ಲ. ಅದೇ ವರ್ಷ ಕರಾಚಿ ಕಾಂಗ್ರೆಸ್ಸೂ ಇದನ್ನೇ ಒಪ್ಪಿ ನಿರ್ಣಯ ಮಾಡಿತು. ಆದರೆ 1935ರ ಕಾಯಿದೆ ಕೊಟ್ಟದ್ದೇನು? ಆಸ್ತಿವಂತನ ಹೆಂಡತಿಗೆ, ಆತನ ಹೆಂಡತಿಯೆಂಬ ಕಾರಣಕ್ಕೆ ಓಟು. ಕೆಲವು ಪ್ರಾಂತಗಳಲ್ಲಿ ಅದಕ್ಕೂ ಆಕೆಯೇ ಅರ್ಜಿ ಹಾಕಿಕೊಳ್ಳಬೇಕು. ಸುಮಾರು 60 ಲಕ್ಷ ಹೆಂಗಸರಿಗೆ ಹೀಗೆ ಹಕ್ಕು ಬಂತು. ಇಲ್ಲವೆಂಬುದಕ್ಕಿಂತ ಮೇಲು ಎಂದು ಹೇಳಬಹುದು. ಗಂಡ ಸತ್ತರೆ, ಬಿಟ್ಟರೆ, ಆತನಿಗೆ ಗದ್ದೆಯೇ ಇಲ್ಲದಿದ್ದರೆ? ಗಿರಿಜಾಬಾಯಿಯಂಥವರು ಆ ಪಟ್ಟಿಯಲ್ಲಿ ಎಲ್ಲಿ ನಿಲ್ಲಬೇಕು ಎಂದು ಕೇಳಬೇಕೆನಿಸುತ್ತದೆ.

ಇನ್ನು ಅಮೆರಿಕಾದ ಕಥೆ. 1939ರಲ್ಲಿ ಮಹಿಳಾ ಸಮ್ಮೇಳನವೊಂದಕ್ಕೆಂದು ಯೂರೋಪಿಗೆ ಹೋದ ಕಮಲಾದೇವಿ, ಮಹಾಯುದ್ಧ ಆರಂಭವಾದ ಮೇಲೆ ಅಲ್ಲಿಂದ ಅಮೆರಿಕಾಕ್ಕೆ ಹೋದರು. ಭಾರತದ ಸ್ವಾತಂತ್ರ್ಯದ ಪರವಾಗಿ ಊರೂರಿನಲ್ಲಿ ಮಾತನಾಡುತ್ತ 1941ರವರೆಗೆ ಅಲ್ಲಿ ಸಂಚರಿಸಿದರು. ದಕ್ಷಿಣದ ಸಂಸ್ಥಾನಗಳಲ್ಲಿ ಆಗ ಕಪ್ಪುವರ್ಣದವರಿಗೆ ರೈಲಿನಲ್ಲಿ ಬೇರೆ ಡಬ್ಬಿ, ಶಾಲೆ ಬೇರೆ, ಕುಡಿಯುವ ನೀರಿನ ನಲ್ಲಿಯೂ ಬೇರೆ. ನಮ್ಮ ಹಳ್ಳಿಗಳ ಬಾವಿಕಟ್ಟೆಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಓಟಿನ ಹಕ್ಕು ಅವರಿಗೆ 1870ರಲ್ಲೇ ಸಂವಿಧಾನದಲ್ಲಿ ಬರೆದಾಗಿತ್ತು. ಆದರೆ ಪಟ್ಟಿಗೆ ಹೆಸರು ಬರೆಸಲು ಹೋದರೆ ತಲೆಗಂದಾಯ ಕಟ್ಟು ಎನ್ನುವರು, ಓದಿ ಅರ್ಥ ಹೇಳು ಎನ್ನುವರು, ಅದಕ್ಕೂ ಬಗ್ಗದಿದ್ದರೆ ಹೊಡೆತ, ಕೆಲಸದಿಂದ ವಜಾ. ಬರೆದ ಹಕ್ಕು ಬರೆದಲ್ಲೇ ಉಳಿಯಿತು.

ಆ ಸೀಮೆಯಲ್ಲಿ ರೈಲಿನಲ್ಲಿ ಹೋಗುವಾಗ ಟಿಕೆಟು ನೋಡುವವನು ಬಂದು ಕಮಲಾದೇವಿಯವರನ್ನು ಬಿಳಿಯರ ಡಬ್ಬಿಯಿಂದ ಎದ್ದುಹೋಗುವಂತೆ ಹೇಳಿದನು. ಆಕೆ ಏಳಲಿಲ್ಲ. ಅವನು ಹೋಗಿ, ಮತ್ತೆ ಬಂದು, ಯಾವ ಊರಿನಿಂದ ಬಂದವರೆಂದು ವಿಚಾರಿಸಿದನು. ಯಾರೋ ಅವನಿಗೆ ಈಕೆ ಈ ದೇಶದವಳಲ್ಲವೆಂದು ತಿಳಿಸಿದ್ದಿರಬೇಕು. ಆಕೆ ನ್ಯೂಯಾರ್ಕಿನಿಂದ ಎಂದರು. ಅದಲ್ಲ, ಯಾವ ದೇಶ ಎಂದನು. ಪರದೇಶದವಳೆಂದು ಹೇಳಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸಭ್ಯವಾಗಿ ಕುಳ್ಳಿರಿಸಿ ಹೋಗುತ್ತಿದ್ದನು. ದೇಶ ಯಾವುದಾದರೇನು, ತಾನು ಕಪ್ಪು ಬಣ್ಣದ ಹೆಂಗಸೆಂಬುದು ಕಣ್ಣಿಗೆ ಕಾಣುತ್ತಲೇ ಇದೆ, ಏಳುವ ಉದ್ದೇಶ ತನಗಿಲ್ಲ ಎಂದು ಆಕೆ ತಿಳಿಸಿದರು. ಅವನು ಗೊಣಗುತ್ತ ಹೊರಟುಹೋದನು. ಮಾಂಟ್‌ಗಮರಿಯ ಬಸ್ಸಿನಲ್ಲಿ ರೋಸಾ ಪಾರ್ಕ್ಸ್ ಎದ್ದೇಳದೆ ಕುಳಿತು ದೇಶವನ್ನೇ ಅಲುಗಿಸಿದ್ದು 1955ರಲ್ಲಿ, ಅಂದರೆ ಇದಾಗಿ ಹದಿನಾಲ್ಕು ವರ್ಷಗಳ ಮೇಲೆ. ಅಲ್ಲಿಯ ಕಪ್ಪುವರ್ಣದವರ ಹೆಸರುಗಳು ನಿರಾತಂಕವಾಗಿ ಪಟ್ಟಿಗೆ ಏರಲು 1965ರ ಮತದಾನ ಹಕ್ಕಿನ ಕಾಯಿದೆ ಬರಬೇಕಾಯಿತು. ಕಮಲಾದೇವಿ ಆ ಹೋರಾಟದ ನಾಯಕಿಯೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಪ್ರಾಣತೆತ್ತ ಅಲ್ಲಿಯವರಿಗೆ ಅನ್ಯಾಯ. ತನಗೆ ದೊರೆಯುತ್ತಿದ್ದ ವಿನಾಯಿತಿಯನ್ನು ಬೇಡವೆಂದದ್ದು ನನಗೆ ಮುಖ್ಯ. ತಾಯಿ ಜೀವನಾಂಶವನ್ನು ಬೇಡವೆಂದವರು, ಮಗಳು ಇದನ್ನು.

ಸ್ವದೇಶಕ್ಕೆ ಬಂದ ಮೇಲೆ ಕ್ವಿಟ್ ಇಂಡಿಯಾ, ಮತ್ತೆ ಸೆರೆಮನೆ. ನಂತರ ಸ್ವಾತಂತ್ರ್ಯ. ನಮ್ಮ ಸಂಸ್ಥಾನದಲ್ಲಿ ಮೈಸೂರು ಚಲೋ ನಡೆದು 1947ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಸರ್ಕಾರ ಬಂತು. ಶಿವಪುರದ ಬೇಡಿಕೆ ಈಡೇರಿತು. ಸಂವಿಧಾನ ಇನ್ನೂ ಸಿದ್ಧವಾಗುವ ಮೊದಲೇ ದೇಶದಾದ್ಯಂತ ವಯಸ್ಕರ ಪಟ್ಟಿ ಬರೆಯುವ ಕೆಲಸವನ್ನು ಸಂವಿಧಾನ ಸಭೆಯ ಕಚೇರಿ ಆರಂಭಿಸಿತು. ಇಪ್ಪತ್ತೊಂದು ತುಂಬಿದ ಗಂಡು ಹೆಣ್ಣು ಎಲ್ಲರೂ. ಹದಿನೇಳು ಕೋಟಿಗೂ ಮೀರಿದ ಜನ. ಪ್ರಪಂಚದಲ್ಲಿ ಅದಕ್ಕೆ ಮುಂಚೆ ಯಾರೂ ಅಷ್ಟು ದೊಡ್ಡ ಪಟ್ಟಿಯನ್ನು ಬರೆದಿರಲಿಲ್ಲ.

ಅಲ್ಲೊಂದು ವಿಚಿತ್ರ ತೊಡಕು ಬಂತು. ಬರೆದುಕೊಳ್ಳುವವರು ಮನೆಯ ಮುಂದೆ ನಿಂತಾಗ ಲಕ್ಷಾಂತರ ಹೆಂಗಸರು ತಮ್ಮ ಹೆಸರನ್ನೇ ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವನ ತಾಯಿ, ಇಂಥವರ ಮಗಳು ಎಂದಷ್ಟೇ ಬರೆಸಿದರು. ಉತ್ತರದ ಪ್ರಾಂತಗಳಲ್ಲಿ ಇದು ಹೆಚ್ಚು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ ಸೇನರು ಹೆಸರಿಲ್ಲದವರನ್ನು ಪಟ್ಟಿಯಲ್ಲಿ ಇಡಲಾಗದೆಂದರು. ತಿದ್ದಿ ಬರೆಸಲು ಅವಕಾಶವನ್ನೂ ಕೊಡಲಾಯಿತು. ಕೊನೆಗೂ ಸುಮಾರು 28 ಲಕ್ಷ ಹೆಂಗಸರ ನಮೂದುಗಳನ್ನು ಹೊಡೆದುಹಾಕಬೇಕಾಯಿತು. ಸುಮಾರು ಎಂಟು ಕೋಟಿ ಹೆಂಗಸರಲ್ಲಿ ಅದು ಸಣ್ಣ ಪಾಲು. ಆದರೂ 1951-52ರ ಮೊದಲ ಮಹಾಚುನಾವಣೆಯಲ್ಲಿ ಅವರೆಲ್ಲ ಮನೆಯಲ್ಲೇ ಉಳಿದರು. ಸೇನರು ಮಾಡಿದ್ದು ನಿಷ್ಠುರವಾಯಿತೆಂದು ಕೆಲವರ ಮತ. ನಾನು ಮೊದಲು ಆ ಪಕ್ಷದವಳೇ. ಯೋಚಿಸಿದಷ್ಟೂ ಅವರೇ ಸರಿಯೆನಿಸಿದೆ. ಇಂಥವರ ಹೆಂಡತಿಯೆಂದೇ ಪಟ್ಟಿ ಮುಂದುವರಿದಿದ್ದರೆ 1935ರ ಕಾಯಿದೆಯೇ ಬೇರೆ ವೇಷದಲ್ಲಿ ಉಳಿದಂತಾಗುತ್ತಿರಲಿಲ್ಲವೇ? ಮುಂದಿನ ಚುನಾವಣೆಯ ಹೊತ್ತಿಗೆ ಹೆಚ್ಚಿನವರು ತಮ್ಮ ಹೆಸರಿನಿಂದಲೇ ಪಟ್ಟಿಗೆ ಬಂದರು.

ಇದು ಉತ್ತರದವರ ಕಥೆಯೆಂದು ನಾವು ನಗುವಂತಿಲ್ಲ. ನಮ್ಮೂರಿನ ಕಡೆ ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವುದಿಲ್ಲ. ಹೆಂಡತಿಯನ್ನು ಗಂಡ ಹೆಸರು ಹಿಡಿದು ಕೂಗುವುದೂ ಅಪರೂಪ. ಹೋದ ವರ್ಷ ನಾವು ಕೆಲವು ವಿದ್ಯಾರ್ಥಿಗಳು ಬೂತ್ ಮಟ್ಟದ ಅಧಿಕಾರಿಗಳಿಗೆ ಸಹಾಯವಾಗಿ ನಮೂನೆ 6ನ್ನು ತುಂಬಿಸಲು ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಿಗೆ ಹೋಗಿದ್ದೆವು. ಮಗಳ ಅರ್ಜಿಗೆ ತಾಯಿಯ ಹೆಸರು ಕೇಳಿದರೆ ಒಂದು ಮನೆಯಲ್ಲಿ ಮಗಳೇ ಕ್ಷಣಕಾಲ ತಡವರಿಸಿದಳು. ಅವ್ವ ಎಂದೇ ಕರೆದು ರೂಢಿ. ಊರಿನವರಿಗೆ ಆಕೆ ದೊಡ್ಡ ಮಗನ ಹೆಸರಿನ ಅವ್ವ. ಒಳಗಿನಿಂದ ಆ ತಾಯಿಯೇ ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ, ತನ್ನ ಹೆಸರನ್ನು ತಾನೇ ಹೇಳಿದಳು. ತೀರ ಮೆಲ್ಲಗೆ ಹೇಳಿದ್ದರಿಂದ ಎರಡು ಸಲ ಕೇಳಬೇಕಾಯಿತು. ಆಕೆ ಪ್ರತಿ ಚುನಾವಣೆಯಲ್ಲೂ ಓಟು ಹಾಕಿದವಳೇ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅಕ್ಷರ ಬಲ್ಲವರಿಗೆ ಮಾತ್ರ ಓಟು ಎಂದು ನಮ್ಮ ದೇಶ ವಿಧಿಸಿದ್ದರೆ ನಮ್ಮಜ್ಜಿ ಒಂದು ಸಲವಾದರೂ ಓಟು ಹಾಕುವಂತಿರಲಿಲ್ಲ. 1931ರಲ್ಲಿ ಅಕ್ಷರದ ಮಾತೂ ಬೇಡವೆಂದು ಹಟ ಹಿಡಿದ ಆ ಓದಿದ ಹೆಂಗಸರು ನಮ್ಮಜ್ಜಿಯಂಥವರನ್ನು ಕಂಡವರೂ ಅಲ್ಲ. ಕಾಣದವರ ಪರವಾಗಿ ಕೇಳಿದರು.

ಸ್ವಾತಂತ್ರ್ಯಾನಂತರ ಕಮಲಾದೇವಿ ಮಂತ್ರಿಯಾಗಲಿಲ್ಲ. 1948ರಲ್ಲಿ ಭಾರತೀಯ ಸಹಕಾರ ಸಂಘವನ್ನು ಕಟ್ಟಿ, ದೇಶ ವಿಭಾಗದಿಂದ ನಿರಾಶ್ರಿತರಾಗಿ ಬಂದವರಿಗೆ ಫರೀದಾಬಾದಿನಲ್ಲಿ ಊರು ಕಟ್ಟುವ ಕೆಲಸಕ್ಕೆ ನಿಂತರು. 1952ರಿಂದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷತೆ. ಕುಂಬಾರ, ನೇಕಾರ, ಬಡಗಿ, ಗೊಂಬೆ ಮಾಡುವವರ ಹುಡುಕಾಟದಲ್ಲಿ ಮೂಲೆಮೂಲೆಯ ಹಳ್ಳಿ ತಿರುಗಿದರು. ಇದನ್ನು ಹೊಗಳುವವರ ನಡುವೆ ನನ್ನದೊಂದು ಸಣ್ಣ ಅಸಮಾಧಾನವೂ ಇರಲಿ: 1926ರಲ್ಲಿ ಅಷ್ಟು ಧೈರ್ಯದಿಂದ ಬಾಗಿಲಿಗೆ ಬಂದವರು, ಬಾಗಿಲು ಪೂರ್ತಿ ತೆರೆದ ಮೇಲೆ ಬೇರೆ ದಾರಿ ಹಿಡಿದರಲ್ಲ ಎಂದು. ಶಾಸನ ಸಭೆಗಳಲ್ಲಿ ಹೆಂಗಸರು ಇಂದಿಗೂ ಎಷ್ಟು ಕಡಮೆಯೆಂಬುದನ್ನು ನೋಡಿದಾಗ ಈ ಅಸಮಾಧಾನ ಹೆಚ್ಚುತ್ತದೆ. ಆದರೆ ಕುಶಲಕರ್ಮಿಗಳ ವಿಷಯದಲ್ಲೂ ಆಕೆ ಮಾಡಿದ್ದು ಹೆಸರಿಲ್ಲದವರಿಗೆ ಹೆಸರು ಕೊಡಿಸುವ ಕೆಲಸವನ್ನೇ ಎಂದು ನನ್ನ ಗೆಳತಿಯೊಬ್ಬಳು ವಾದಿಸುತ್ತಾಳೆ. ಅವಳ ಮಾತನ್ನು ತಳ್ಳಿಹಾಕಲು ನನ್ನಿಂದಾಗಿಲ್ಲ.

ತಮ್ಮ ಆತ್ಮಕಥೆಯನ್ನು ಆಕೆ 1986ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. 1988ನೆಯ ಇಸವಿ ಅಕ್ಟೋಬರ್ 29ರಂದು, ಎಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಡಿಸೆಂಬರಿನಲ್ಲೇ ಸಂವಿಧಾನದ ಅರುವತ್ತೊಂದನೆಯ ತಿದ್ದುಪಡಿಯನ್ನು ಪಾರ್ಲಿಮೆಂಟು ಅಂಗೀಕರಿಸಿತು. 1989ರ ಮಾರ್ಚ್ 28ರಿಂದ ಓಟಿನ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಯಿತು. ನಮ್ಮ ತರಗತಿಯಲ್ಲಿ ಈಗ ಓಟುಳ್ಳವರೆಲ್ಲ ಆ ತಿದ್ದುಪಡಿಯ ಬಲದಿಂದಲೇ ಪಟ್ಟಿಗೆ ಸೇರಿದವರು.